ಕಲೋತ್ಸವದ ಫೋಟೋ ಸ್ಟುಡಿಯೋಗೆ ಚೌಕಿಯ (ವೇಷ ಕಟ್ಟುವ ಜಾಗದ) ಪಕ್ಕದ ಕೋಣೆ ಕೊಡಿ

ಮಾನ್ಯ ಸಂಪಾದಕರೇ,

ಶಾಲಾ ಕಲೋತ್ಸವದಲ್ಲಿ ವೇಷ ಕಟ್ಟಿದ ಮಕ್ಕಳ ಭಾವಚಿತ್ರ ತೆಗೆದು, ಸ್ಥಳದಲ್ಲೇ ಪ್ರಿಂಟ್ ಕೊಡುವ ಸ್ಟುಡಿಯೋ ಇದ್ದರೆ ಹೆತ್ತವರಿಗೂ ಶಾಲೆಗೂ ಸಂತೋಷ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಯಕ್ಷಗಾನದ ಮಕ್ಕಳು ಇದಕ್ಕಾಗಿ ಕಾಯುತ್ತಾರೆ. ಆದರೆ ಸಮಿತಿಯವರು ಜಾಗ ಹಂಚುವಾಗ ಎಲ್ಲ ಮುಗಿದ ಮೇಲೆ ಉಳಿದ ಜಗಲಿಯ ಮೂಲೆಯೋ ಚಪ್ಪರದ ಅಂಚೋ ಸ್ಟುಡಿಯೋ ಪಾಲಿಗೆ ಬರುತ್ತದೆ. ಚಿತ್ರ ಕೆಡುವುದು ಅಲ್ಲಿಂದಲೇ.

ಕಾರಣ ಸರಳ. ಕ್ಯಾಮೆರಾದ ಬೆಳಕಿನ ಅಳತೆಗಳನ್ನು ಐಎಸ್‌ಒ 100, ಎಫ್ 8, 1/125 ಸೆಕೆಂಡ್ ಇಟ್ಟರೆ ಕೋಣೆಯೊಳಗಿನ ಟ್ಯೂಬ್‌ಲೈಟಿನ ಹಸಿರು ಛಾಯೆ ಚಿತ್ರಕ್ಕೆ ಬಾರದು, ಬೆಳಕೆಲ್ಲ ಫ್ಲ್ಯಾಶಿನದ್ದೇ. ತೆರೆದ ಜಗಲಿಯಲ್ಲಿ ಅದೇ ಲೆಕ್ಕ ನಡೆಯುವುದಿಲ್ಲ. ಹಗಲಿನ ಬೆಳಕೂ ಜತೆಗೆ ಸೇರಿ ಮುಖದ ಒಂದು ಬದಿ ನೀಲಿಯಾಗುತ್ತದೆ, ಮೋಡ ಬಂದು ಹೋದ ಹಾಗೆ ಒಂದೊಂದು ಮಗುವಿನ ಬಣ್ಣ ಒಂದೊಂದು ತರಹ ಕಾಣುತ್ತದೆ. ಗಾಳಿಗೆ ಹಿನ್ನೆಲೆಯ ಪರದೆ ಅಲುಗಾಡುವುದು ಬೇರೆ.

ಬೇಕಾದದ್ದು 20 ಅಡಿ ಉದ್ದದ ಒಂದು ತರಗತಿ ಕೋಣೆ, ಅಷ್ಟೇ. ಮಗು ಪರದೆಯಿಂದ 5 ಅಡಿ ಮುಂದೆ ನಿಲ್ಲಬೇಕು, ಇಲ್ಲದಿದ್ದರೆ ಕಿರೀಟದ ನೆರಳು ಪರದೆಯ ಮೇಲೆ ಬೀಳುತ್ತದೆ. ಅಲ್ಲಿಂದ 12 ಅಡಿ ದೂರದಲ್ಲಿ ಕ್ಯಾಮೆರಾ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ ಅಡ್ಡ ಹಿಡಿಯದೆ ನೇರ ಹಿಡಿದರೆ ಸುಮಾರು ಎಂಟೂವರೆ ಅಡಿ ಎತ್ತರ ಸಿಗುತ್ತದೆ. ಗೆಜ್ಜೆಯಿಂದ ಕಿರೀಟದ ತುದಿವರೆಗೆ ಬರಲು ಅದು ಸಾಕು. ಪರದೆಗೆ ಮಧ್ಯಮ ಬೂದು ಬಣ್ಣ ಒಳ್ಳೆಯದು. ಕಪ್ಪಾದರೆ ವೇಷದ ಕಪ್ಪು ಭಾಗಗಳು ಅದರಲ್ಲಿ ಕರಗಿಹೋಗುತ್ತವೆ.

ಬೆಳಕಿನ ವಿಷಯದಲ್ಲಿ ಮದುವೆ ಫೋಟೋದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಫ್ಲ್ಯಾಶಿನ ಬೆಳಕನ್ನು ಮೃದುವಾಗಿಸುವ ಸಾಫ್ಟ್‌ಬಾಕ್ಸನ್ನು ಎತ್ತರಕ್ಕೆ ಏರಿಸಿ ಕೆಳಮುಖ ಮಾಡಿದರೆ ಕಿರೀಟದ ಅಂಚು ಕಣ್ಣಿಗೆ ನೆರಳು ಹಾಕುತ್ತದೆ, ಅಷ್ಟು ಶ್ರದ್ಧೆಯಿಂದ ಬರೆದ ಕಣ್ಣೇ ಕಾಣುವುದಿಲ್ಲ. 4 ಅಡಿಯ ಸಾಫ್ಟ್‌ಬಾಕ್ಸನ್ನು ಕಣ್ಣಿನ ಮಟ್ಟಕ್ಕಿಂತ ತುಸುವೇ ಮೇಲೆ, ಓರೆಯಾಗಿ ಇಡಿ. ಸೊಂಟದ ಮಟ್ಟದಲ್ಲಿ ಒಂದು ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ಗಲ್ಲದ ಕೆಳಗಿನ ಕತ್ತಲೆ ಹೋಗುತ್ತದೆ. ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಗಳಿಗೆ) ಮಾತ್ರ ಬೆಳಕನ್ನು ಇನ್ನಷ್ಟು ಬದಿಗೆ ಸರಿಸಬೇಕು. ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಇಡುವ ಚಿಟ್ಟಿಯ ಉಬ್ಬು ಕಾಣುವುದು ಬದಿಯ ಬೆಳಕಿನಲ್ಲೇ. ಬೇಗಡೆ, ಕನ್ನಡಿ ಚೂರುಗಳು ಬೆಳಕನ್ನು ನೇರ ಕ್ಯಾಮೆರಾಕ್ಕೆ ಹೊಡೆದರೆ ಮಗುವನ್ನು ನಾಲ್ಕು ಬೆರಳಷ್ಟು ತಿರುಗಿಸಿ ನಿಲ್ಲಿಸಿದರಾಯಿತು. ಮುಖಕ್ಕೆ ಬಳಿಯುವ ಇಂಗಳೀಕದ ಕೆಂಪಿನ ಬಗ್ಗೆ ಎಚ್ಚರ: ಕ್ಯಾಮೆರಾದ ಒಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಸರಿ ಕಂಡರೂ ಕೆಂಪು ಚಾನೆಲ್ ಒಂದೇ ತುಂಬಿ ತುಳುಕಿರುತ್ತದೆ, ಆಗ ಕೆನ್ನೆಯ ರೇಖೆಗಳೆಲ್ಲ ಒಂದೇ ಕೆಂಪು ಮುದ್ದೆ. ಮೂರೂ ಬಣ್ಣದ ಹಿಸ್ಟೋಗ್ರಾಮ್ ಬೇರೆ ಬೇರೆ ನೋಡಿ, ಬೇಕಿದ್ದರೆ ಬೆಳಕನ್ನು ಸ್ಟಾಪ್ ಎಂಬ ಅಳತೆಯಲ್ಲಿ ಮೂರನೇ ಒಂದರಷ್ಟು ಇಳಿಸಿ.

ಚೌಕಿಯ ಪಕ್ಕವೇ ಕೋಣೆ ಕೇಳುವುದಕ್ಕೂ ಕಾರಣವಿದೆ. ಚಿತ್ರ ತೆಗೆಯಬೇಕಾದದ್ದು ರಂಗಕ್ಕೆ ಹೋಗುವ ಮೊದಲು. ಕುಣಿದು ಬಂದ ಮೇಲೆ ಬೆವರಿಗೆ ಬಣ್ಣ ಇಳಿದಿರುತ್ತದೆ, ಮಗುವಿಗೆ ನಿಲ್ಲುವ ಶಕ್ತಿಯೂ ಇರುವುದಿಲ್ಲ. ಕಿರೀಟ ಕಟ್ಟುವುದು ಕೊನೆಗೆ, ಕಟ್ಟಿದ ಮೇಲೆ ಅದರ ಭಾರ ಹೊತ್ತು ಮೈದಾನ ದಾಟಿಸಿ ಸಾಲಿನಲ್ಲಿ ನಿಲ್ಲಿಸುವುದು ಮಕ್ಕಳಿಗೆ ಹಿಂಸೆ. ಟೋಕನ್ ಮೊದಲೇ ಕೊಟ್ಟು, ಬೆಳಕನ್ನು ಬೇರೆ ಯಾರನ್ನಾದರೂ ನಿಲ್ಲಿಸಿ ಪರೀಕ್ಷಿಸಿ ಇಟ್ಟುಕೊಂಡರೆ ಒಂದು ಮಗುವಿಗೆ ಎರಡು ನಿಮಿಷ ಸಾಕು. ಪ್ರತಿ ಮಗುವಿನ ಮೊದಲ ಚಿತ್ರ ಟೋಕನ್ ಸಂಖ್ಯೆಯದ್ದೇ ಆಗಿರಲಿ. ಬಣ್ಣ ಬಳಿದ ಮೇಲೆ ಹತ್ತು ಕೃಷ್ಣರಲ್ಲಿ ಯಾರು ಯಾರೆಂದು ಸಂಜೆ ಗುರುತು ಹಿಡಿಯಲು ಬೇರೆ ದಾರಿಯಿಲ್ಲ.

ಇನ್ನು ಕರೆಂಟು. ಧ್ವನಿವರ್ಧಕದ ಜನರೇಟರಿಗೇ ಸ್ಟುಡಿಯೋದ ವಯರು ಸಿಕ್ಕಿಸಬೇಡಿ. ವೋಲ್ಟೇಜ್ ಕುಸಿದಾಗ ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗುವ ಮೊದಲೇ ಒತ್ತಿಬಿಟ್ಟು ನಡುನಡುವೆ ಕಪ್ಪು ಚಿತ್ರ ಬರುತ್ತದೆ. ಬ್ಯಾಟರಿ ಫ್ಲ್ಯಾಶ್ ಆದರೆ ಆ ಚಿಂತೆಯಿಲ್ಲ, ಆದರೆ ಪ್ರಿಂಟರಿಗೆ ಕರೆಂಟು ಬೇಕೇ ಬೇಕು. ಡೈ ಸಬ್ಲಿಮೇಶನ್ ಪ್ರಿಂಟರ್ ಹಳದಿ, ಮಜೆಂಟಾ, ಸಯಾನ್, ಮೇಲೆ ರಕ್ಷಣಾ ಪದರ ಎಂದು ಒಂದೇ ಹಾಳೆಯನ್ನು ನಾಲ್ಕು ಸಲ ಓಡಿಸುತ್ತದೆ. ನಡುವೆ ಕರೆಂಟು ಹೋದರೆ ಹಳದಿ ಮಾತ್ರ ಮೂಡಿದ ಹಾಳೆ ಒಳಗೇ ಸಿಕ್ಕಿಕೊಂಡು, ಹಾಳೆಯೂ ರಿಬ್ಬನ್ನೂ ದಂಡ. ಅದಕ್ಕೆ ತಕ್ಕ ಸಾಮರ್ಥ್ಯದ ಯುಪಿಎಸ್, ಅರ್ಥಿಂಗ್ ಇರುವ ಪ್ರತ್ಯೇಕ ಪ್ಲಗ್ ಬೇಕು. ನಮ್ಮ ಮುರಕಲ್ಲಿನ ಮೈದಾನದ ಕೆಂಪು ಧೂಳೂ ಪ್ರಿಂಟರಿಗೆ ಶತ್ರು. ಒಂದು ಕಣ ಒಳಹೊಕ್ಕರೆ ಪ್ರತಿ ಚಿತ್ರದಲ್ಲೂ ಬಿಳಿ ಚುಕ್ಕೆಯೋ ಗೆರೆಯೋ ಮೂಡುತ್ತದೆ. ಬಾಗಿಲಿನಿಂದ ದೂರ, ಮೇಜಿನ ಮೇಲೆ ಇಡಿ. ಪ್ರಿಂಟಿಗಿಂತ ಹೆಚ್ಚು ಹೊತ್ತು ತಿನ್ನುವುದು ಹೆತ್ತವರು ಚಿತ್ರ ಆರಿಸುವ ಕೆಲಸ. ಕಂಪ್ಯೂಟರ್ ಪರದೆಯಲ್ಲಿ ಮೂರಕ್ಕಿಂತ ಹೆಚ್ಚು ಚಿತ್ರ ತೋರಿಸದಿದ್ದರೆ ಸಾಲು ಸರಾಗ ಸಾಗುತ್ತದೆ.

ಬೆಳಕಿನ ಸ್ಟ್ಯಾಂಡಿನ ಬುಡಕ್ಕೆ ನೀರು ತುಂಬಿದ 5 ಲೀಟರಿನ ಕ್ಯಾನ್ ಕಟ್ಟುವುದು, ನೆಲದ ವಯರಿಗೆ ಉದ್ದಕ್ಕೂ ಟೇಪ್ ಅಂಟಿಸುವುದು ಕಡ್ಡಾಯವಾಗಬೇಕು. ಕಿರೀಟ ಹೊತ್ತ ಮಗುವಿಗೆ ಕಾಲಬುಡ ಕಾಣುವುದಿಲ್ಲ.

ಕೊನೆಗೆ ಒಪ್ಪಿಗೆಯ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳೇ, ಒಪ್ಪಿಗೆ ಕೊಡಬೇಕಾದವರು ಹೆತ್ತವರು. ಟೋಕನ್ ಚೀಟಿಯಲ್ಲೇ ಅದಕ್ಕೊಂದು ಸಹಿಯ ಜಾಗ ಇರಲಿ. ಪ್ರಿಂಟಿಗೆ ಒಪ್ಪಿದವರು ಚಿತ್ರವನ್ನು ಫೇಸ್‌ಬುಕ್ಕಿಗೆ ಹಾಕಲು ಒಪ್ಪಿದಂತಲ್ಲ, ಆದ್ದರಿಂದ ಎರಡಕ್ಕೂ ಬೇರೆ ಬೇರೆ ಗೆರೆ ಬೇಕು. ಚೀಟಿ ಮಲಯಾಳದಲ್ಲಿ ಮಾತ್ರ ಅಚ್ಚಾದರೆ ಕನ್ನಡ ಮಾಧ್ಯಮದ ಮಕ್ಕಳ ಮನೆಯವರು ಏನಕ್ಕೆ ಸಹಿ ಹಾಕಿದ್ದೇವೆಂದು ತಿಳಿಯದೆ ಹಾಕುತ್ತಾರೆ. ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಲು ಹೆಚ್ಚು ಖರ್ಚೇನೂ ಬಾರದು. ಕಾರ್ಯಕ್ರಮ ಸಮಿತಿಗಳು ಈ ವರ್ಷದ ಕೋಣೆಗಳ ಪಟ್ಟಿ ಮಾಡುವಾಗ ಚೌಕಿಯ ಕೋಣೆಗಳ ಜತೆಗೇ ಸ್ಟುಡಿಯೋ ಕೋಣೆಯನ್ನೂ ಬರೆದಿಡಬೇಕೆಂದು ಕೋರುತ್ತೇವೆ.

ಇತಿ,
ಸ್ಥಳದಲ್ಲೇ ಸ್ಟುಡಿಯೋ ನಡೆಸುವ ಛಾಯಾಗ್ರಾಹಕರು,
ಕುಂಬಳೆ, ಕಾಸರಗೋಡು