ಬೈಕ್ ಬೀಳೋದು ನಿಂತಾಗಲೇ

ಶೆಫೀಲ್ಡ್, ಇಂಗ್ಲೆಂಡ್,
ಭಾನುವಾರ ಸಂಜೆ

ಪ್ರೀತಿಯ ಪುಟ್ಟ,

ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಅಕ್ಕ, ಹ್ಞೂಂ ಅಕ್ಕ" ಅಂದು ಇಟ್ಟುಬಿಡುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಒತ್ತಿ ಮುಗಿಸುತ್ತೀಯ. ಅದಕ್ಕೇ ಈ ಕಾಗದ. ಆಯುಧಪೂಜೆಗೆ ನಿನ್ನ ಹೊಸ ಬೈಕ್, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಮನೆಗೆ ಬರುತ್ತದೆ ಅಂತ ಅಮ್ಮ ಹೇಳಿದಳು. ಕುಂಬಳಕಾಯಿ ಒಡೆಯುವ ಮೊದಲು ಇದನ್ನು ಪೂರ್ತಿ ಓದು.

ಮನೆಯಲ್ಲಿ ಹೇಳದೆ ಇಟ್ಟಿದ್ದ ಸುದ್ದಿ ಒಂದಿದೆ. ಆರು ತಿಂಗಳಲ್ಲಿ ನಾನು ಬೈಕನ್ನು ಮೂರು ಸಲ ಬೀಳಿಸಿದ್ದೇನೆ. ಮೈಗೆ ಏನೂ ಆಗಿಲ್ಲ, ಗಾಬರಿ ಬೇಡ. ಮೂರೂ ಸಲ ಸ್ಪೀಡೋಮೀಟರ್ ಮುಳ್ಳು ಸೊನ್ನೆಯ ಪಕ್ಕದಲ್ಲೇ ಇತ್ತು.

ಬೆಳಗಿನ ಡ್ಯೂಟಿಗೆ ಹೋಗುವ ಹೊತ್ತಿಗೆ ನಮ್ಮ ಕಡೆ ಬಸ್ಸಿಲ್ಲ. ಅದಕ್ಕೇ ಬೈಕ್ ಕಲಿಯಲು ಹೊರಟೆ. ಇಲ್ಲಿ ಮೊದಲು ಸಿಬಿಟಿ ಅಂತ ಕಡ್ಡಾಯ ತರಬೇತಿ. ಅದಾದ ಮೇಲೆ ಕೆಂಪು 'ಎಲ್' ಅಂಟಿಸಿಕೊಂಡು 125 ಸಿಸಿ ಓಡಿಸಬಹುದು, ಎರಡು ವರ್ಷದ ಮಟ್ಟಿಗೆ. ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಮೋಟರ್‌ವೇಗೆ ಹೋಗುವಂತಿಲ್ಲ. ದೊಡ್ಡ ಬೈಕ್ ಬೇಕಾದರೆ ಥಿಯರಿ ಪರೀಕ್ಷೆ, ಆಮೇಲೆ ಎರಡು ಭಾಗದ ರೈಡಿಂಗ್ ಪರೀಕ್ಷೆ. ನನಗೆ 24 ದಾಟಿದ್ದರಿಂದ ನೇರವಾಗಿ ದೊಡ್ಡ ಬೈಕಿನಲ್ಲೇ ಕೊಡಬಹುದಿತ್ತು. ಮೊದಲ ಭಾಗ ರಸ್ತೆಯಲ್ಲಲ್ಲ, ಮೈದಾನದಲ್ಲಿ. ಕೋನ್‌ಗಳ ನಡುವೆ ಹಾವಿನ ಹಾಗೆ ನುಸುಳಬೇಕು, ಎಂಟು ಹಾಕಬೇಕು, ನಡೆಯುವ ವೇಗದಲ್ಲಿ ಓಡಿಸಬೇಕು, ಗೆರೆಗಳ ಒಳಗೇ ಯೂ ಟರ್ನ್ ಮಾಡಬೇಕು, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು ಗಕ್ಕನೆ ನಿಲ್ಲಿಸಬೇಕು. ಗಾಡಿ ಬಿತ್ತೋ, ಫೇಲ್.

ನಾನು ಮೈಸೂರಿನಲ್ಲಿ ಎಂಟು ಹಾಕಿದ್ದು ಸ್ಕೂಟಿಯಲ್ಲಿ. ಆಯ ತಪ್ಪಿದರೆ ಕಾಲಲ್ಲಿ ಒದ್ದು ನೆಟ್ಟಗೆ ಮಾಡಬಹುದಾದ ಗಾಡಿ ಅದು. ತರಬೇತಿಯವರು ಕೊಟ್ಟದ್ದು 200 ಕಿಲೋ ಆಸುಪಾಸಿನ 650 ಸಿಸಿ ಬೈಕು. ಮೊದಲ ಗಂಟೆ ಚೆನ್ನಾಗಿಯೇ ಹೋಯಿತು. ನೆಟ್ಟಗೆ ಹೋಗುವುದಕ್ಕೆ ಏನು ಕಷ್ಟ? ಆಮೇಲೆ ಯೂ ಟರ್ನ್. ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ, ಗಾಡಿ ವಾಲಿತು, ಗೆರೆ ಹತ್ತಿರ ಬಂತು. ಹೆದರಿ ಗೆರೆಯನ್ನೇ ನೋಡಿದೆ, ಕ್ಲಚ್ ಪೂರ್ತಿ ಹಿಡಿದೆ, ಮುಂದಿನ ಬ್ರೇಕ್ ಒತ್ತಿದೆ. ಮುಗೀತು. ಉಯ್ಯಾಲೆಯಿಂದ ಯಾರೋ ತಳ್ಳಿದ ಹಾಗೆ ಬಲಕ್ಕೆ ಹೋಯಿತು. ಕಾಲು ಕೊಟ್ಟೆ, ತಡೆಯಲಿಲ್ಲ. ಬೈಕು ಮಲಗಿತು, ನಾನು ಪಕ್ಕದಲ್ಲಿ ನಿಂತಿದ್ದೆ. ಮೇಷ್ಟ್ರು ಚಹಾದ ಲೋಟ ಕೆಳಗಿಡದೇ ಕೇಳಿದರು: "ನೆಲ ನೋಡ್ತಾ ಇದ್ದೆಯಲ್ಲ, ಏನಾದರೂ ಸಿಕ್ಕಿತಾ?"

ಯಾಕೆ ಬಿತ್ತು ಅಂತ ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಚಿಕ್ಕವರಿದ್ದಾಗ ಅಂಗೈ ಮೇಲೆ ಪೊರಕೆ ನಿಲ್ಲಿಸುತ್ತಿದ್ದೆವಲ್ಲ? ಪೊರಕೆ ಯಾವ ಕಡೆ ವಾಲಿತೋ ಆ ಕಡೆ ಕೈ ಓಡಿಸುತ್ತಿದ್ದೆವು. ಓಡುವ ಬೈಕಿನ ಮುಂದಿನ ಚಕ್ರವೂ ಅದನ್ನೇ ಮಾಡುತ್ತದೆ. ವಾಲಿದ ಕಡೆ ತಾನಾಗಿ ತಿರುಗಿ ಭಾರದ ಕೆಳಗೆ ಬಂದು ನಿಲ್ಲುತ್ತದೆ. ಚಕ್ರ ಉರುಳುವುದು ನಿಂತರೆ ಆ ಆಟ ಮುಗಿಯಿತು. ಅದರ ಮೇಲೆ ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಮುಂದೆ ಹೋಗುತ್ತಿದ್ದ ಭಾರವೆಲ್ಲ ತಿರುಗಿದ ಕಡೆಗೇ ಕುಸಿಯುತ್ತದೆ. ಆಮೇಲೆ ಭೀಮನೇ ಬಂದರೂ ಕಷ್ಟ.

ಇದಕ್ಕೆ ಮದ್ದು ಎಡಗೈ ಮತ್ತು ಬಲಗಾಲು. ಕ್ಲಚ್ಚನ್ನು ಪೂರ್ತಿ ಹಿಡಿಯಬೇಡ, ಪೂರ್ತಿ ಬಿಡಲೂ ಬೇಡ. ಹಾಫ್ ಕ್ಲಚ್ಚಿನಲ್ಲಿ ಗಾಡಿ ಎಳೆಯುತ್ತಾ ಇರಬೇಕು. ಆಕ್ಸಿಲರೇಟರ್ ಒಂದೇ ಸಮ ಇರಲಿ, ಹಿಂದಿನ ಬ್ರೇಕನ್ನು ಬಲಗಾಲಲ್ಲಿ ಸ್ವಲ್ಪ ಮುಟ್ಟಿ ಹಿಡಿದಿರು. ಎತ್ತಿಗೆ ಮೂಗುದಾರ ಇದ್ದ ಹಾಗೆ ಅದು. ಕಣ್ಣು ಮಾತ್ರ ಹೋಗಬೇಕಾದ ಕಡೆ, ಭುಜದ ಮೇಲಿಂದ ಹಿಂದಕ್ಕೆ. ಗೆರೆ ನೋಡಿದರೆ ಗೆರೆಗೇ ಹೋಗುತ್ತೀಯ. ಮೂರನೇ ದಿನ ಮೇಷ್ಟ್ರು ನಿಂತ ಕಡೆಯೇ ನೋಡುತ್ತಾ ತಿರುಗಿಸಿದೆ. ಗಾಡಿ ತಾನಾಗಿ ತಿರುಗಿತು. ನಿಜ ಹೇಳಬೇಕೆಂದರೆ, ಪರೀಕ್ಷೆ ಪಾಸಾದ ದಿನಕ್ಕಿಂತ ಅವತ್ತು ಜಾಸ್ತಿ ಖುಷಿಯಾಯಿತು. ನಿನ್ನ ಗಾಡಿ ಬಂದ ಮೊದಲ ವಾರ ಚಾಮುಂಡಿ ಬೆಟ್ಟ ಅಂತೆಲ್ಲ ಹೊರಡಬೇಡ. ಬೆಳಿಗ್ಗೆ ಯಾವುದಾದರೂ ಖಾಲಿ ಮೈದಾನಕ್ಕೆ ಹೋಗಿ ಇದೊಂದನ್ನು ಮಾಡು. ಗೆಳೆಯರನ್ನು ಕರೆದುಕೊಂಡು ಹೋಗಬೇಡ, ನಗುತ್ತಾರೆ.

ಲೈಸೆನ್ಸ್ ಬಂದ ಮೇಲೆ ನಾನೂ ಎನ್‌ಫೀಲ್ಡನ್ನೇ ತಗೊಂಡೆ. ಇದೇ ದೇಶದ ರೆಡಿಚ್‌ನಲ್ಲಿ ಹುಟ್ಟಿ, 1955ರಲ್ಲಿ ಮದ್ರಾಸಿಗೆ ಹೋದ ಹೆಸರು. ಈಗ ಅಲ್ಲೇ ತಯಾರಾಗಿ ಹಡಗಿನಲ್ಲಿ ಇಲ್ಲಿಗೆ ಬರುತ್ತದೆ. ಅದನ್ನು ಎರಡನೇ ವಾರವೇ ಬೀಳಿಸಿದೆ. ಕಳ್ಳರ ಭಯಕ್ಕೆ ಮುಂದಿನ ಚಕ್ರದ ಬ್ರೇಕ್ ಡಿಸ್ಕಿಗೆ ಬೀಗ ಹಾಕಿದ್ದೆ, ತೆಗೆಯಲು ಮರೆತಿದ್ದೆ. ಹ್ಯಾಂಡಲ್ ತಿರುಗಿಸಿ ಹೊರಟೆ, ಅರ್ಧ ಸುತ್ತಿಗೆ ಚಕ್ರ ಕಚ್ಚಿಕೊಂಡಿತು. ಈಗ ಬೀಗಕ್ಕೂ ಹ್ಯಾಂಡಲ್ಲಿಗೂ ಒಂದು ಕೆಂಪು ದಾರ ಕಟ್ಟಿದ್ದೇನೆ. ಪಕ್ಕದ ಮನೆಯವರು ಇದೇನು ನಿಮ್ಮ ದೇವರ ದಾರವಾ ಅಂತ ಕೇಳಿದರು. ಹೌದು ಅಂದೆ.

ಮೂರನೆಯದು ನಮ್ಮ ಬೀದಿಯ ತುದಿಯಲ್ಲಿ. ಈ ಊರು ಬರೀ ಏರು, ಇಳಿಜಾರು. ಸಿಗ್ನಲ್ಲಿನಲ್ಲಿ ನಿಂತು ಎಡಗಾಲು ಇಟ್ಟೆ. ಇಟ್ಟ ಕಡೆ ನೆಲ ಇನ್ನೂ ನಾಲ್ಕು ಬೆರಳು ಕೆಳಗಿತ್ತು, ಮೇಲೆ ಒದ್ದೆ ಎಲೆ ಬೇರೆ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತದೆ ಅಂತ ನಡೆಯುವಾಗ ಗಮನಕ್ಕೇ ಬರುವುದಿಲ್ಲ ಅಲ್ವಾ? ಈಗ ನಿಲ್ಲುವ ಮೊದಲು ಕಾಲು ಎಲ್ಲಿ ಇಡುತ್ತೇನೆ ಅಂತ ನೋಡಿಕೊಳ್ಳುತ್ತೇನೆ. ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡೇ ನಿಲ್ಲುತ್ತೇನೆ. ಅಲ್ಲಿ ನಿನಗೆ ಎಲೆಯ ಬದಲು ಮರಳು, ಜಲ್ಲಿ ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಸೈಡ್ ಸ್ಟ್ಯಾಂಡ್ ಹಾಕುವಾಗಲೂ ಅಷ್ಟೇ. ಮಳೆಗಾಲದ ಮಣ್ಣಿನಲ್ಲಿ ಸ್ಟ್ಯಾಂಡ್ ಮೆಲ್ಲಗೆ ಇಳಿಯುತ್ತದೆ, ಅಡಿಗೆ ಚಪ್ಪಟೆ ಕಲ್ಲು ಇಡು. ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಬಿಡಬೇಡ, ಮೊದಲ ಗೇರಿನಲ್ಲಿ ನಿಲ್ಲಿಸು.

ಇಷ್ಟಾದರೂ ಬೀಳುತ್ತದೆ. ಕ್ಲಾಸಿಕ್ 350 ತೂಕ 195 ಕಿಲೋ. ಸ್ವಲ್ಪ ವಾಲಿದಾಗ ತಡೆಯಬಹುದು, ಒಂದು ಹಂತ ದಾಟಿದರೆ ತಡೆಯಲು ಹೋಗಬೇಡ. ಹ್ಯಾಂಡಲ್ ಬಿಟ್ಟು ಕಾಲು ಎಳೆದುಕೊಂಡು ಪಕ್ಕಕ್ಕೆ ಸರಿ. ಲಿವರ್, ಇಂಡಿಕೇಟರ್ ಅಂಗಡಿಯಲ್ಲಿ ಸಿಗುತ್ತವೆ. ಮೊದಲು ಎಂಜಿನ್ ಆಫ್ ಮಾಡು. ನಾಚಿಕೆಗೆ ತಕ್ಷಣ ಎತ್ತಲು ಹೋಗಬೇಡ, ಸೊಂಟ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಅಂಥ ಸೊಂಟಗಳನ್ನು ದಿನಾ ನೋಡುತ್ತೇನೆ. ಗಾಡಿ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹಾಕಿಡು, ಇಲ್ಲದಿದ್ದರೆ ಎತ್ತಿದ ಭರಕ್ಕೆ ಆಚೆ ಬೀಳುತ್ತದೆ. ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಸೊಂಟ ಒತ್ತಿ ಕುಕ್ಕರಿಸು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ಬೆನ್ನು ಬಗ್ಗಿಸದೆ, ಕಾಲಿನ ಬಲದಲ್ಲಿ ಪುಟ್ಟ ಹೆಜ್ಜೆ ಇಡುತ್ತಾ ಹಿಂದಕ್ಕೆ ತಳ್ಳು. ನಾನು ಒಬ್ಬಳೇ ಎತ್ತಿದ್ದೇನೆ.

ಇನ್ನು ಅಮ್ಮ. ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವಳು. ಅವಳು ಹತ್ತುವಾಗ ಭಾರವೆಲ್ಲ ಎಡಕ್ಕೆ ಎಳೆಯುತ್ತದೆ. ನಿನ್ನ ಎರಡೂ ಕಾಲು ನೆಲದಲ್ಲಿರಲಿ, ಬ್ರೇಕ್ ಹಿಡಿದಿರು, "ಹತ್ತಮ್ಮ" ಅಂತ ನೀನು ಹೇಳಿದ ಮೇಲೆಯೇ ಅವಳು ಹತ್ತಲಿ. ಇಳಿಯುವಾಗಲೂ ಹಾಗೇ.

ಇದನ್ನು ನನಗೆ ಹೇಳಿಕೊಟ್ಟದ್ದು ಇಲ್ಲಿಯ ಮೇಷ್ಟ್ರಲ್ಲ, ಅಪ್ಪ. ಹೋದ ವಾರ ಅವರೊಬ್ಬರಿಗೇ ಮೂರು ಸಲ ಬೀಳಿಸಿದ ಕತೆ ಹೇಳಿದೆ. ಯಾದವಗಿರಿಯ ಫ್ಯಾಕ್ಟರಿಯಿಂದ ಬಂದ ಅವರ ಯೆಜ್ಡಿ ಬೈಕ್ ಒಂದು ದಿನಕ್ಕೂ ನೆಲ ನೋಡಿಲ್ಲ ಅಂತ ಎಷ್ಟು ಸಲ ಕೇಳಿದ್ದೇವೆ ಹೇಳು? ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬಾಯಿಬಿಟ್ಟರು. ಮದುವೆಯಾದ ಹೊಸತು. ದೇವರಾಜ ಮಾರ್ಕೆಟ್ ಮುಂದೆ ಅಮ್ಮ ಎರಡು ಕೈಚೀಲ ಹಿಡಿದು ಹತ್ತಿದಳಂತೆ, ಇವರ ಗಮನ ಎಲ್ಲೋ ಇತ್ತಂತೆ. ಗಾಡಿ, ಅಮ್ಮ, ಟೊಮೆಟೊ ಎಲ್ಲ ರಸ್ತೆಗೆ. ಸೈಲೆನ್ಸರ್ ಅಮ್ಮನ ಕಾಲಿಗೆ ತಗುಲಿ ಸುಟ್ಟಿತಂತೆ. ಹಂಡೆ ಒಲೆಯಲ್ಲಿ ಸುಟ್ಟದ್ದು ಅಂತ ನಮಗೆ ಇಷ್ಟು ವರ್ಷ ಹೇಳಿದ ಕಲೆ ಅದೇ!

ಅಪ್ಪ ಹೇಳಿದರು ಅಂತ ಹೇಳಬೇಡ. ಅಮ್ಮ ಕಾಫಿ ತಂದುಕೊಡುವಾಗ ಸುಮ್ನೆ "ದೇವರಾಜ ಮಾರ್ಕೆಟ್, ಟೊಮೆಟೊ" ಅನ್ನು. ಮುಖ ಹೇಗಾಯಿತು ಅಂತ ಅವತ್ತೇ ನನಗೆ ಬರೆ.

ನಿನ್ನ ಅಕ್ಕ