ಜೂನ್‌ಗೆ ಮೊದಲು ಕೈಗೆ ಹತ್ತಬೇಕಾದ ಲೆಕ್ಕ

ಮಂಗಳೂರು, ಮೇ 4

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಸಿಎಂಸಿಗೆ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್) ಸೇರುತ್ತಿದ್ದೀಯ, ಎಂಟನೆಯಿಂದಲೇ ಫೌಂಡೇಶನ್ ಕೋಚಿಂಗ್‌ಗೆ ಹೋದ ಮಕ್ಕಳ ಪಕ್ಕ ಕೂರಬೇಕಲ್ಲ ಎಂದು ಹೆದರಿದ್ದೀಯ ಅಂತ ಅಕ್ಕ ಹೇಳಿದಳು. ಅವರು ಕಲಿತು ಬಂದದ್ದರಲ್ಲಿ ನಿನಗೆ ತುರ್ತಾಗಿ ಬೇಕಾದದ್ದು ಸ್ವಲ್ಪವೇ. ಅದೂ ಫಿಸಿಕ್ಸ್ ಅಲ್ಲ, ಗಣಿತ. ಕಾಲೇಜು ಶುರುವಾಗಲು ನಾಲ್ಕು ವಾರ ಇದೆ. ದಿನಕ್ಕೆ ಒಂದೂವರೆ ಗಂಟೆ ಕೊಟ್ಟರೆ ಸಾಕು.

ತೊಡಕು ಇರುವುದು ಪಾಠಗಳ ಕ್ರಮದಲ್ಲಿ. ಪ್ರಥಮ ಪಿಯುಸಿ ಫಿಸಿಕ್ಸ್‌ನ ಎರಡನೇ ಪಾಠ ಸರಳರೇಖೆಯ ಚಲನೆ. ಅಲ್ಲೇ ಡಿಫರೆನ್ಶಿಯೇಷನ್, ಅಂದರೆ ಒಂದು ಕ್ಷಣದಲ್ಲಿ ಬದಲಾವಣೆಯ ದರ ಎಷ್ಟು ಎಂದು ಕಂಡುಹಿಡಿಯುವ ಲೆಕ್ಕ, ಬೇಕು. ಗಣಿತ ಪುಸ್ತಕದಲ್ಲಿ ಅದು ಇರುವುದು ಹನ್ನೆರಡನೇ ಅಧ್ಯಾಯದಲ್ಲಿ. ಮೂರನೇ ಪಾಠಕ್ಕೆ ವೆಕ್ಟರ್ (ಅಳತೆಯ ಜೊತೆ ದಿಕ್ಕೂ ಇರುವ ರಾಶಿ) ಬೇಕು; ಗಣಿತದಲ್ಲಿ ಅದು ಬರುವುದು ದ್ವಿತೀಯ ಪಿಯುಸಿಗೆ. ಫಿಸಿಕ್ಸ್‌ನವರು ಅರ್ಧ ಪೀರಿಯಡ್‌ನಲ್ಲಿ ಇಷ್ಟು ಹೇಳಿ ಮುಂದೆ ಹೋಗುತ್ತಾರೆ. ಅಲ್ಲಿ ಕೈತಪ್ಪಿದವನು ತನಗೆ ಫಿಸಿಕ್ಸೇ ಒಗ್ಗುವುದಿಲ್ಲ ಅಂದುಕೊಳ್ಳುತ್ತಾನೆ.

ಮೊದಲ ವಾರ ಡಿಫರೆನ್ಶಿಯೇಷನ್. ಲಿಮಿಟ್‌ನ ಸಿದ್ಧಾಂತಕ್ಕೆ ಈಗ ಕೈಹಾಕಬೇಡ, ಅಂಕಿ ಹಾಕಿ ನೋಡು. ಎತ್ತರದಿಂದ ಬಿಟ್ಟ ಕಲ್ಲು ಬೀಳುವ ದೂರ ಸುಮಾರು 5 × ಕಾಲ × ಕಾಲ ಮೀಟರ್. 2 ಸೆಕೆಂಡಿಗೆ 20 ಮೀಟರ್, 2.1 ಸೆಕೆಂಡಿಗೆ 22.05. ಈ 0.1 ಸೆಕೆಂಡಿನ ಸರಾಸರಿ ವೇಗ 20.5. ಈಗ 2.01 ಸೆಕೆಂಡಿಗೆ ಲೆಕ್ಕ ಹಾಕು: 20.2005 ಮೀಟರ್, ಸರಾಸರಿ ವೇಗ 20.05. ಅಂತರ ಕಿರಿದಾದಷ್ಟೂ ಉತ್ತರ 20ರ ಹತ್ತಿರ ಬರುತ್ತದೆ. ಆ 20 ಎರಡನೇ ಸೆಕೆಂಡಿನ ಕ್ಷಣದ ವೇಗ. ಇದನ್ನು ಕೈಯಾರೆ ನಾಲ್ಕು ಸಲ ಮಾಡಿದ ಮೇಲೆ ಸೂತ್ರ ಕಲಿ: ಘಾತ ಮುಂದೆ ಬಂದು ಗುಣಿಸುತ್ತದೆ, ಮೇಲೆ ಉಳಿದದ್ದು ಒಂದು ಕಡಿಮೆಯಾಗುತ್ತದೆ. ಹಾಗೆ 5 × ಕಾಲದ ವರ್ಗ ಹೋಗಿ 10 × ಕಾಲ. ಸೈನ್ ಕಾಸ್ ಆಗುತ್ತದೆ, ಕಾಸ್ ಮೈನಸ್ ಸೈನ್ ಆಗುತ್ತದೆ. ಗ್ರಾಫಿನ ಇಳಿಜಾರೇ (ಸ್ಲೋಪ್) ಡಿಫರೆನ್ಶಿಯೇಷನ್, ಗ್ರಾಫಿನ ಕೆಳಗಿನ ವಿಸ್ತೀರ್ಣ ಇಂಟಿಗ್ರೇಷನ್. ಶುರುವಿಗೆ ಇಷ್ಟೇ ಬಂಡವಾಳ.

ಎರಡನೇ ವಾರ ವೆಕ್ಟರ್. ಹತ್ತನೆಯ ತ್ರಿಕೋನಮಿತಿ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಓರೆಯಾದ ಬಲವನ್ನು ಎರಡು ದಿಕ್ಕಿನ ಭಾಗಗಳಾಗಿ ಒಡೆಯುವಾಗ ಎಲ್ಲರೂ ಎಡವುವುದು ಒಂದೇ ಕಡೆ: ‘ಅಡ್ಡಕ್ಕೆ ಕಾಸ್, ನೆಟ್ಟಗಿದ್ದದ್ದಕ್ಕೆ ಸೈನ್’ ಎಂದು ಬಾಯಿಪಾಠ ಮಾಡುವುದು. ಕೋನ ಎಲ್ಲಿಂದ ಅಳೆದಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಇಳಿಜಾರು ಹಲಗೆಯ ಮೇಲಿನ ಪೆಟ್ಟಿಗೆಯನ್ನು ಕೆಳಕ್ಕೆ ಎಳೆಯುವುದು ಭಾರದ ಸೈನ್ ಭಾಗ. ಅನುಮಾನ ಬಂದರೆ ಕೋನವನ್ನು ಸೊನ್ನೆ ಮಾಡು. ಹಲಗೆ ಸಪಾಟಾಯಿತು, ಪೆಟ್ಟಿಗೆ ಜಾರಬಾರದು, ಸೈನ್ ಸೊನ್ನೆ. ಕಾಸ್ ಹಾಕಿದ್ದರೆ ಸಪಾಟು ನೆಲದಲ್ಲೂ ಅದು ಓಡಬೇಕಿತ್ತು ಮಾರಾಯ!

ಮೂರನೇ ವಾರ ಬಲಗಳ ಚಿತ್ರ. ಇದಕ್ಕೆ ಅವಸರ ಮಾಡಬೇಡ, ಒಂಬತ್ತನೆಯಲ್ಲಿ ಓದಿದ ನ್ಯೂಟನ್ ನಿಯಮ ಕೆಲಸಕ್ಕೆ ಬರುವುದು ಇಲ್ಲಿ. ನಿಮ್ಮ ಬಾವಿಯನ್ನೇ ತೆಗೆದುಕೋ. ನೀರು ತುಂಬಿದ ಕೊಡಪಾನ 15 ಕಿಲೋ ಎಂದಿಟ್ಟುಕೋ. ಕೊಡಪಾನವನ್ನು ಮಾತ್ರ ಬರೆ; ರಾಟೆ ಬೇಡ, ಎಳೆಯುವವರು ಬೇಡ. ಅದಕ್ಕೆ ಭೂಮಿಯ ಎಳೆತ ಕೆಳಕ್ಕೆ, ಕಿಲೋಗೆ ಸುಮಾರು 10ರಂತೆ 150 ನ್ಯೂಟನ್. ಅದನ್ನು ಮುಟ್ಟಿರುವುದು ಬಳ್ಳಿಯೊಂದೇ (ಹಗ್ಗ), ಅದರ ಎಳೆತ ಮೇಲಕ್ಕೆ. ಎರಡೇ ಬಾಣ. ‘ಮೇಲಕ್ಕೆ ಹೋಗುವ ಬಲ’ ಎಂಬ ಮೂರನೇ ಬಾಣ ಬರೆದೆಯೋ, ಲೆಕ್ಕ ಕೆಟ್ಟಿತು.

ಒಂದೇ ವೇಗದಲ್ಲಿ ಮೇಲೆ ಬರುತ್ತಿರುವಾಗ ಬಳ್ಳಿಯ ಎಳೆತ ಎಷ್ಟು? ಮುಕ್ಕಾಲು ಪಾಲು ಮಂದಿ 150ಕ್ಕಿಂತ ಜಾಸ್ತಿ ಅನ್ನುತ್ತಾರೆ ಎಂಬುದು ನನ್ನ ಅಂದಾಜು. ಸರಿಯಾಗಿ 150. ವೇಗ ಬದಲಾಗದಿದ್ದರೆ ಬಲಗಳು ಸಮ. ಜಗ್ಗಿ ಶುರುಮಾಡುವಾಗ ವೇಗೋತ್ಕರ್ಷ 2 ಇದ್ದರೆ 15 × 2, ಅಂದರೆ 30 ಹೆಚ್ಚು ಬೇಕು: 180. ಕೈಗೆ ಜಾಸ್ತಿ ಭಾರ ಅನಿಸುವುದಕ್ಕೆ ಆ ಮೊದಲ ಜಗ್ಗು ಒಂದು ಕಾರಣ, ರಾಟೆಯ ಘರ್ಷಣೆ ಇನ್ನೊಂದು. ಬಳ್ಳಿಯ ಎಳೆತ ಭಾರಕ್ಕೆ ಪ್ರತಿಕ್ರಿಯೆ ಎಂದೂ ಬರೆಯಬೇಡ. ಭೂಮಿ ಕೊಡಪಾನವನ್ನು ಎಳೆದರೆ, ಅದರ ಜೋಡಿ ಕೊಡಪಾನ ಭೂಮಿಯನ್ನು ಎಳೆಯುವುದು. ಕ್ರಿಯೆ, ಪ್ರತಿಕ್ರಿಯೆ ಎರಡೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ.

ಕೊನೆಯ ವಾರ ಇಂಗ್ಲಿಷ್ ಶಬ್ದಗಳು. ಜವ ಕಾಲೇಜಿನಲ್ಲಿ ಸ್ಪೀಡ್, ವೇಗ ವೆಲಾಸಿಟಿ, ವೇಗೋತ್ಕರ್ಷ ಆಕ್ಸಲರೇಷನ್, ಸಂವೇಗ ಮೊಮೆಂಟಮ್, ಜಡತ್ವ ಇನರ್ಶಿಯಾ. ದಿನಕ್ಕೆ ಹತ್ತು ಬರೆದುಕೋ, ಅರ್ಥ ನಿನಗೆ ಗೊತ್ತೇ ಇದೆ. ಕೈಲೆಕ್ಕವೂ ರೂಢಿಯಾಗಲಿ, ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಲ್ಯಾಬಿನ ಅಳತೆಯ ಸಾಧನಗಳಾದ ಸ್ಕ್ರೂ ಗೇಜ್, ವರ್ನಿಯರ್ ಎಲ್ಲ ಅಲ್ಲೇ ಕಲಿಯಬಹುದು.

ಪುಸ್ತಕದ ಬಿಡಿಸಿದ ಲೆಕ್ಕಗಳನ್ನು ಓದಬೇಡ. ಉತ್ತರದ ಮೇಲೆ ಕಾಗದ ಮುಚ್ಚಿ ಹದಿನೈದು ನಿಮಿಷ ಒದ್ದಾಡು, ಆಮೇಲೆ ಒಂದು ಸಾಲು ಮಾತ್ರ ಸರಿಸಿ ನೋಡು. ವಿಡಿಯೋ ನೋಡುವಾಗ ಎಲ್ಲ ತಿಳಿದಂತೆ ಕಾಣುತ್ತದೆ, ಪೆನ್ನು ಹಿಡಿದಾಗಲೇ ಬಣ್ಣ ಬಯಲಾಗುವುದು. ಪಾಠದ ಕೊನೆಯ ಲೆಕ್ಕಗಳು ಆಗುವ ತನಕ ಜೆಇಇ ಪುಸ್ತಕ ಕಪಾಟಿನಲ್ಲೇ ಇರಲಿ.

ಬಾವಿಯ ಲೆಕ್ಕದ ಇನ್ನೊಂದು ತುಂಡು ನಿನಗೇ ಬಿಟ್ಟಿದ್ದೇನೆ. ಅದೇ ತುಂಬಿದ ಕೊಡಪಾನ ಕೆಳಕ್ಕೆ ಇಳಿಯುತ್ತಿದೆ, ಬಳ್ಳಿ ಬಿಗಿಹಿಡಿದು ಅದರ ವೇಗವನ್ನು ಸೆಕೆಂಡಿಗೆ 2ರಂತೆ ಕಡಿಮೆ ಮಾಡುತ್ತಿದ್ದೀಯ. ಬಳ್ಳಿಯ ಎಳೆತ ಎಷ್ಟು? ಚಿತ್ರ ಬರೆದು ಭಾನುವಾರದೊಳಗೆ ವಾಟ್ಸಾಪ್ ಮಾಡು.

ಇತಿ,
ನಿನ್ನ ಮಾವ