ಶ್ರುತಿಯನ್ನು ನಾಲ್ಕೂವರೆಗೆ ಇಳಿಸಿದವಳಿಗೆ

ಭಾನುವಾರದ ಕಚೇರಿ ಮುಗಿಯಿತು. ಎರಡು ಗಂಟೆ ಕಾಲ, ಪೂರ್ತಿ ಕರ್ನಾಟಕ ಸಂಗೀತದ ವಾಗ್ಗೇಯಕಾರರು (ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಕಟ್ಟುವವರು) ಮೈಸೂರು ವಾಸುದೇವಾಚಾರ್ಯರ ಕೃತಿಗಳೇ. ನಾನು ವೇದಿಕೆ ಹತ್ತಿ 14 ತಿಂಗಳಾಗಿತ್ತು. ಗಂಟಲಿಗೆ ಏನಾಗಿತ್ತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ.

ಪಿಟೀಲು, ಮೃದಂಗದ ಗೆಳೆಯರಿಗೆ, ಸಭಾಂಗಣ ಕೊಡಿಸಿದವರಿಗೆ, ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ಪಾಠ ತಪ್ಪದಂತೆ ನೋಡಿಕೊಂಡ ಹಿರಿಯ ಶಿಷ್ಯೆಗೆ, ದಿನಾ ಕಷಾಯ ಕಳಿಸಿದ ಪಕ್ಕದ ಮನೆಯವರಿಗೆ ತುಂಬಾ ಥ್ಯಾಂಕ್ಸ್. (ಕಷಾಯ ಭಯಂಕರವಾಗಿತ್ತು. ಆದರೂ ಕುಡಿದೆ.)

ಉಳಿದದ್ದೆಲ್ಲ ನನ್ನ ತಂಬೂರಿ ಗೆಳತಿಗೆ. ಹೆಸರು ಹಾಕಿದರೆ ಜಗಳ ಆಡುತ್ತಾಳೆ, ಹಾಗಾಗಿ ಹಾಕಿಲ್ಲ.

ಆಸ್ಪತ್ರೆಯಲ್ಲಿ ಎರಡನೇ ರಾತ್ರಿ. ಮಾತಾಡಬಾರದು ಅಂತ ಹೇಳಿದ್ದರು, ಕೈಯಲ್ಲಿ ಒಂದು ಸ್ಲೇಟು. ಮನೆಯವರನ್ನೆಲ್ಲ ನಾನೇ ಕಳಿಸಿಬಿಟ್ಟಿದ್ದೆ. ಅವಳು ಮಾತ್ರ ಹೋಗಲಿಲ್ಲ. ರಾತ್ರಿ ಎರಡು ಗಂಟೆ ಹೊತ್ತಿಗೆ ಸ್ಲೇಟಿನಲ್ಲಿ ಬರೆದೆ: "ಇನ್ನು ಹಾಡೋಕಾಗಲ್ಲ." ಓದಿದಳು. ಸಮಾಧಾನದ ಮಾತು ಏನೂ ಹೇಳಲಿಲ್ಲ. ಮೊಬೈಲ್‌ನಲ್ಲಿ ತಂಬೂರಿ ಹಾಕಿ ದಿಂಬಿನ ಪಕ್ಕ ಇಟ್ಟಳು, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ. ಐದೂವರೆ ಶ್ರುತಿ, ಅಂದರೆ ಹಾಡಲು ಹಿಡಿಯುವ ಆಧಾರ ಸ್ವರದ ಎತ್ತರ, ಇಪ್ಪತ್ತು ವರ್ಷದಿಂದ ನನ್ನದು. ಕೇಳಲಾಗದೆ ಮುಖ ತಿರುಗಿಸಿದೆ. ಆಗ ಅವಳು ಅದನ್ನು ನಾಲ್ಕೂವರೆಗೆ ಇಳಿಸಿದಳು. "ಇಳಿಸಿಕೊಂಡರೆ ಏನಾಯ್ತು? ಯಾರು ಬಂದು ಅಳೀತಾರೆ?"

ನನಗೆ ಕೋಪ ಬಂತು. ನಿಜ ಹೇಳಬೇಕು ಅಂದರೆ, ಅವಳ ಗಂಟಲು ಚೆನ್ನಾಗಿದೆಯಲ್ಲ ಅನ್ನುವ ಹೊಟ್ಟೆಕಿಚ್ಚೂ ಬಂತು. ಸ್ಲೇಟನ್ನು ನೆಲಕ್ಕೆ ಎಸೆದೆ. ಅವಳು ಎತ್ತಿಕೊಂಡು, ಸೆರಗಿನಿಂದ ಒರೆಸಿ, ವಾಸುದೇವಾಚಾರ್ಯರ ಕಥೆ ಶುರು ಮಾಡಿದಳು.

ಅವರ ಕಥೆ ಅವಳಿಗೆ ಬಾಯಿಪಾಠ. 1865ರಲ್ಲಿ ಮೈಸೂರಿನಲ್ಲಿ ಹುಟ್ಟಿದ್ದು. ಅರಮನೆಯ ನೆರವಿನಿಂದ ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರ ಕಲಿತದ್ದು. ವಾಪಸ್ ಬಂದು ಆಸ್ಥಾನ ವಿದ್ವಾಂಸರಾದದ್ದು. ಅಚ್ಚ ಮೈಸೂರಿನವರು, ಆದರೆ ಕೃತಿ ಕಟ್ಟಿದ್ದು ಹೆಚ್ಚಾಗಿ ತೆಲುಗು, ಸಂಸ್ಕೃತದಲ್ಲಿ. ಕೊನೆಗೆ ರುಕ್ಮಿಣೀದೇವಿಯವರು ಕರೆದರು ಅಂತ, ಅವರು ಮದರಾಸಿನಲ್ಲಿ ಕಟ್ಟಿದ ನೃತ್ಯ, ಸಂಗೀತದ ಶಾಲೆ ಕಲಾಕ್ಷೇತ್ರಕ್ಕೆ ಹೋದರು. "90ರ ವಯಸ್ಸಿನಲ್ಲಿ ರಾಮಾಯಣಕ್ಕೆ ರಾಗ ಹಾಕ್ತಾ ಕೂತಿದ್ರು ಕಣೇ. ನಿಂಗಿನ್ನೂ 52." ನಾನು ಬರೆದೆ: "ಅದೂ ಮುಗಿಯಲಿಲ್ಲ ಅಲ್ವಾ?" 1961ರಲ್ಲಿ ಅವರು ಹೋದಾಗ ರಾಮಾಯಣದ ಕೆಲಸ ಇನ್ನೂ ಉಳಿದಿತ್ತು. "ಮೊಮ್ಮಗ ರಾಜಾರಾಂ ಮುಗಿಸಿದರು. ನಿಂಗೆ ಶಿಷ್ಯೆಯರಿಲ್ವಾ?" ಅಂದಳು. ಆಗ ಅತ್ತುಬಿಟ್ಟೆ. ಅಳುವಾಗಲೂ ಸದ್ದು ಮಾಡಬಾರದು ಅಂದರೆ ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು. ತಂಬೂರಿ ಬೆಳಗಿನವರೆಗೂ ನಡೆಯುತ್ತಲೇ ಇತ್ತು. ಅವಳು ಚಾರ್ಜರ್ ಹುಡುಕಲು ಒಂದು ಸಲ ಎದ್ದದ್ದು ಬಿಟ್ಟರೆ ಕುರ್ಚಿ ಬಿಡಲಿಲ್ಲ.

ಮನೆಗೆ ಬಂದ ಮೇಲೆ "ನಾ ಕಂಡ ಕಲಾವಿದರು" ತಂದುಕೊಟ್ಟಳು. ಆಚಾರ್ಯರೇ ಕನ್ನಡದಲ್ಲಿ ಬರೆದದ್ದು. ಅಷ್ಟು ದೊಡ್ಡ ವಾಗ್ಗೇಯಕಾರರು ಕೂತು ಬೇರೆ ಕಲಾವಿದರ ಬಗ್ಗೆ ಬರೆದರಲ್ಲ ಅನ್ನುವುದೇ ನನಗೆ ಆಶ್ಚರ್ಯ. ಈ ಬರಹಕ್ಕೆ ಧೈರ್ಯ ಬಂದದ್ದೂ ಅಲ್ಲಿಂದಲೇ ಇರಬೇಕು.

ಭಾನುವಾರ ಗೌಳ ರಾಗದ "ಪ್ರಣಮಾಮ್ಯಹಂ" ಹಾಡಿ ಶುರು ಮಾಡಿದೆ. ಹಿಂದೋಳದ "ಮಾಮವತು" ಸಲೀಸಾಗಿ ಹೋಯಿತು. ಆಭೇರಿಯ "ಭಜರೇ ಮಾನಸ"ದಲ್ಲಿ ಎರಡು ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ರೀತಿ ಹಾಡುವುದು) ಬಿಟ್ಟೆ, ಬಲ್ಲವರು ಗಮನಿಸಿರುತ್ತೀರಿ. ಕೊನೆಗೆ ಖಮಾಚಿನ "ಬ್ರೋಚೇವಾರೆವರುರಾ". ನೀನಲ್ಲದೆ ನನ್ನನ್ನು ಕಾಪಾಡುವವರು ಯಾರು ಅಂತ ರಾಮನನ್ನು ಕೇಳುವ ಹಾಡು. ಸಾವಿರ ಸಲ ಹಾಡಿದ್ದೇನೆ, ಸುಮ್ನೆ ಚಪ್ಪಾಳೆಗೆ ಅಂತ ಹಾಡಿದ್ದೇ ಜಾಸ್ತಿ. ಅನುಪಲ್ಲವಿಯಲ್ಲಿ ಮೇಲಕ್ಕೆ ಹೋಗುವಾಗ ದನಿ ಒಡೆಯಿತು. ಹಿಂದಿನಿಂದ ತಂಬೂರಿ ಒಂದಿಷ್ಟೂ ಅಲುಗಲಿಲ್ಲ. ನಾಲ್ಕೂವರೆ. ಅದನ್ನೇ ಹಿಡಿದುಕೊಂಡು ಇನ್ನೊಂದು ಸಲ ಹತ್ತಿದೆ. ಸಿಕ್ಕಿತು. ಚಿಟ್ಟೆಸ್ವರ (ಕೃತಿಗೆ ಮೊದಲೇ ಕಟ್ಟಿಟ್ಟ ಸ್ವರಗಳ ಸಾಲು) ಮುಗಿಯುವಾಗ ತಿರುಗಿ ನೋಡಿದೆ. ಮಹಾರಾಯ್ತಿ ಆಕಳಿಸುತ್ತಿದ್ದಳು.

ಈಗ ನಿನಗೇ ಹೇಳುತ್ತಿದ್ದೇನೆ, ಓದುತ್ತೀಯ ಅಂತ ಗೊತ್ತು. ಐದೂವರೆಗೆ ಮತ್ತೆ ಹೋಗುವುದಿಲ್ಲ, ಆ ಆಸೆ ಬಿಟ್ಟಿದ್ದೇನೆ. ಆವತ್ತಿನ ಸ್ಲೇಟು ಇನ್ನೂ ನಿನ್ನ ಮನೆಯಲ್ಲೇ ಇದೆ. ಮಂಗಳವಾರದಿಂದ ನಾನೇ ಪಾಠಕ್ಕೆ ಕೂರುತ್ತೇನೆ, ಮಕ್ಕಳಿಗೆ ಸ್ವರ ಬರೆದು ತೋರಿಸಬೇಕು. ಬರುವಾಗ ತಗೊಂಡು ಬಾ.